ರಿಸ್ಟೋರ್ ಆದ ಸ್ಪಾಗೆಟ್ಟಿ ವೆಸ್ಟರ್ನ್‌ಗಳನ್ನು ಮನೆಯಲ್ಲಿ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಕಪಾಟಿನಲ್ಲಿ ರಿಸ್ಟೋರ್ ಆದ, ಅಂದರೆ ಹಳೇ ಫಿಲ್ಮನ್ನು ಸರಿಪಡಿಸಿ ಮತ್ತೆ ಹೊರತಂದ, ಸಿನಿಮಾಗಳ ಡಿಸ್ಕ್‌ಗಳಿವೆ. ಮನೆಗೆ ಬಂದವರು ಅವನ್ನು ನೋಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಒಂದೇ ಸಿನಿಮಾದ ಮೂರು ಡಿಸ್ಕ್ ಯಾಕೆ? ಚಿತ್ರದ ತುಂಬಾ ಚುಕ್ಕೆ ಚುಕ್ಕೆ ಯಾಕೆ? ತುಟಿಗೂ ಮಾತಿಗೂ ಯಾಕೆ ಹೊಂದಲ್ಲ? ಇಪ್ಪತ್ತು ವರ್ಷದಿಂದ ಈ ಸಿನಿಮಾಗಳನ್ನು ವಿಸಿಡಿ, ಡಿವಿಡಿ, ಬ್ಲೂ-ರೇ, ಅದಕ್ಕಿಂತ ಹೆಚ್ಚು ವಿವರ ತೋರಿಸುವ 4ಕೆ ಅಂತ ಎಲ್ಲಾ ರೂಪದಲ್ಲೂ ನೋಡಿದ್ದೇನೆ. ನಾನು ಕೊಡುವ ಉತ್ತರಗಳನ್ನು ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಸ್ಪಾಗೆಟ್ಟಿ ವೆಸ್ಟರ್ನ್ ಅಂದರೆ ಯಾವ ಸಿನಿಮಾಗಳು?

ಇಟಲಿಯವರು ಮಾಡಿದ ಕೌಬಾಯ್ ಸಿನಿಮಾಗಳು. 1964ರಲ್ಲಿ ಸೆರ್ಜಿಯೊ ಲಿಯೋನೆ ಅವರ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಗೆದ್ದ ಮೇಲೆ ಹತ್ತು ಹನ್ನೆರಡು ವರ್ಷ ಇಟಲಿಯಲ್ಲಿ ಇಂಥ ಸಿನಿಮಾಗಳು ನೂರಾರು ಬಂದವು. ಕತೆ ಅಮೆರಿಕದ್ದು, ಮೆಕ್ಸಿಕೊ ಗಡಿಯದ್ದು. ಆದರೆ ಆ ಒಣ ಬಯಲು ಜಾಸ್ತಿ ಕಡೆ ಸ್ಪೇನ್ ದೇಶದ ಅಲ್ಮೆರಿಯಾ ಜಿಲ್ಲೆಯದ್ದು. ಅಲ್ಲಿನ ತಬೆರ್ನಾಸ್ ಮರುಭೂಮಿಯನ್ನು ಒಂದು ಸಲ ಗುರುತು ಹಿಡಿದರೆ ಸಾಕು, ಆಮೇಲೆ ಸಿನಿಮಾ ಸಿನಿಮಾದಲ್ಲೂ ಅದೇ ಗುಡ್ಡ, ಅದೇ ಕಣಿವೆ ಕಣ್ಣಿಗೆ ಬೀಳುತ್ತದೆ. ಒಳಾಂಗಣದ ಕೆಲಸ, ಊರಿನ ಸೆಟ್ಟುಗಳು ಹೆಚ್ಚಾಗಿ ರೋಮ್‌ನಲ್ಲಿ.

ಹಳೇ ಡಿವಿಡಿ ಇದೆ. ಕತೆ ಅದೇ ಅಲ್ವಾ? ರಿಸ್ಟೋರ್ ಆದದ್ದೇ ಯಾಕೆ ಬೇಕು?

ಕತೆ ಅದೇ. ಆದರೆ ಈ ಸಿನಿಮಾಗಳಲ್ಲಿ ಕತೆ ಒಂದು ಸಾಲಿನದು. ಉಳಿದದ್ದೆಲ್ಲ ಮುಖ, ಬೆವರು, ಧೂಳು, ಕಾಯುವಿಕೆ. ಅದು ಕಾಣದಿದ್ದರೆ ಏನೂ ಕಾಣಲಿಲ್ಲ ಅಂತಲೇ ಅರ್ಥ.

ಒಂದು ಉದಾಹರಣೆ ಹೇಳುತ್ತೇನೆ. ಲಿಯೋನೆ ಅವರ 1968ರ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' ಶುರುವಾಗುವುದು ಒಂದು ಪಾಳುಬಿದ್ದಂಥ ರೈಲ್ವೆ ಸ್ಟೇಷನ್ನಿನಲ್ಲಿ. ಮೂವರು ಬಂದೂಕುದಾರಿಗಳು ರೈಲಿಗೆ ಕಾಯುತ್ತಿದ್ದಾರೆ. ಹತ್ತು ನಿಮಿಷದ ಹತ್ತಿರ ಸಂಗೀತವೇ ಇಲ್ಲ. ಗಾಳಿಯಂತ್ರ ಕಿರ್ರ್ ಕಿರ್ರ್ ಅನ್ನುತ್ತದೆ. ಒಬ್ಬ ಬೆರಳಿನ ಗೆಣ್ಣು ಲಟಕ್ ಲಟಕ್ ಮುರಿಯುತ್ತಾನೆ. ವುಡಿ ಸ್ಟ್ರೋಡ್ ನೀರಿನ ಟ್ಯಾಂಕಿನ ಕೆಳಗೆ ನಿಂತಿದ್ದಾನೆ, ಬೋಳು ತಲೆ ಮೇಲೆ ತೊಟ್ಟು ತೊಟ್ಟು ನೀರು. ಅವನು ಟೋಪಿ ಹಾಕಿಕೊಳ್ಳುತ್ತಾನೆ, ಈಗ ತೊಟ್ಟು ಟೋಪಿ ಮೇಲೆ ಬೀಳುತ್ತದೆ. ಜ್ಯಾಕ್ ಈಲಮ್ ಬೆಂಚಿನ ಮೇಲೆ ಒರಗಿದ್ದಾನೆ. ಗಡ್ಡದ ಮೇಲೆ ಒಂದು ನೊಣ ಓಡಾಡುತ್ತಿದೆ. ಅವನು ತುಟಿ ಓರೆ ಮಾಡಿ ಊದುತ್ತಾನೆ. ನೊಣ ಹೋಗುವುದಿಲ್ಲ. ಕೊನೆಗೆ ಅದು ಮರದ ಮೇಲೆ ಕೂತಾಗ ಪಿಸ್ತೂಲಿನ ನಳಿಗೆಯಲ್ಲಿ ಹಿಡಿದು, ಒಳಗೆ ಅದು ಗುಂಯ್‌ಗುಡುವುದನ್ನು ಕೇಳುತ್ತಾ ನಗುತ್ತಾನೆ.

ನಾನು ಇದನ್ನು ಮೊದಲು ನೋಡಿದ್ದು ವಿಸಿಡಿಯಲ್ಲಿ. ಆ ನೊಣ ಒಂದು ಕರಿ ಚುಕ್ಕೆ. ಮುಖ ಒಂದು ಕಂದು ಮುದ್ದೆ. 'ಇಷ್ಟು ಹೊತ್ತು ಯಾಕೆ ಎಳೀತಾರೆ' ಅನ್ನಿಸಿತ್ತು. ರಿಸ್ಟೋರ್ ಆದ ಡಿಸ್ಕ್‌ನಲ್ಲಿ ನೋಡಿದಾಗ ನೊಣದ ಕಾಲು ಗಡ್ಡದ ಕೂದಲಿಗೆ ತಾಗುವುದು ಕಂಡಿತು. ಅವನ ಕೆನ್ನೆ ಅದುರುವುದು ಕಂಡಿತು. ಹತ್ತು ನಿಮಿಷ ಹೋದದ್ದೇ ಗೊತ್ತಾಗಲಿಲ್ಲ. ಸಿನಿಮಾ ಬದಲಾಗಿರಲಿಲ್ಲ. ನನಗೆ ಸಿಕ್ಕಿದ್ದು ಬದಲಾಗಿತ್ತು, ಅಷ್ಟೇ.

ರಿಸ್ಟೋರ್ ಅಂದರೆ ನಿಜವಾಗಿ ಏನು ಮಾಡುತ್ತಾರೆ?

ಮೊದಲು ಹುಡುಕಾಟ. ಕ್ಯಾಮೆರಾದ ಒಳಗೇ ಓಡಿದ ಮೂಲ ನೆಗೆಟಿವ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಎಲ್ಲಾ ರೀಲು ಇದೆಯಾ ಅಂತ. ಸಿಕ್ಕಿದ ರೀಲನ್ನು ಕೈಯಲ್ಲಿ ಹಿಡಿದು ಇಂಚಿಂಚು ಪರೀಕ್ಷೆ ಮಾಡುತ್ತಾರೆ. ಹರಿದ ಅಂಚು, ಕಿತ್ತ ತೂತು, ಬಿಟ್ಟುಕೊಂಡ ಅಂಟು ಎಲ್ಲವನ್ನೂ ಸರಿ ಮಾಡಿ, ತೊಳೆದು, ಆಮೇಲೆ ಒಂದೊಂದೇ ಚೌಕಟ್ಟನ್ನು ಸ್ಕ್ಯಾನ್ ಮಾಡುತ್ತಾರೆ. ಸೆಕೆಂಡಿಗೆ 24 ಚೌಕಟ್ಟು. 165 ನಿಮಿಷದ ಸಿನಿಮಾ ಅಂದರೆ 2,37,600 ಚೌಕಟ್ಟು. ಆಮೇಲೆ ಕಂಪ್ಯೂಟರಿನಲ್ಲಿ ಧೂಳು, ಗೀರು, ಅಲುಗಾಟ ತೆಗೆಯುವುದು. ಕೊನೆಗೆ ಬಣ್ಣ, ಧ್ವನಿ.

ಲಿಯೋನೆ ಅವರ ಸಿನಿಮಾಗಳ ಮೇಲೆ ಈ ಥರದ ಕೆಲಸ ಮಾಡಿದ ಜಾಗಗಳಲ್ಲಿ ಮುಖ್ಯವಾದದ್ದು ಇಟಲಿಯ ಬೊಲೋನ್ಯಾ ನಗರ. ಅಲ್ಲಿನ ಸಿನೆತೆಕಾ ಎಂಬ ಚಿತ್ರ ಸಂಗ್ರಹಾಲಯ, ಅದರ ಜೊತೆಗಿರುವ ಲಿಮ್ಮಾಜಿನೆ ರಿತ್ರೊವಾತಾ ಎಂಬ ಲ್ಯಾಬ್. 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್'ಗೆ ಐವತ್ತು ವರ್ಷ ತುಂಬಿದಾಗ, 2014ರಲ್ಲಿ, ಬೊಲೋನ್ಯಾದಲ್ಲಿ ರಿಸ್ಟೋರ್ ಆದ ಪ್ರತಿಯನ್ನು ಕಾನ್ ಚಿತ್ರೋತ್ಸವದ ಕೊನೇ ದಿನ ತೋರಿಸಿದರು.

ಕನ್ನಡದವರಿಗೆ ಇದನ್ನು ಹೇಳುವಾಗ ನನಗೆ ಬಹಳ ಖುಷಿಯಾಗುತ್ತದೆ: ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ರಿಸ್ಟೋರ್ ಆದದ್ದೂ ಇದೇ ಲ್ಯಾಬ್‌ನಲ್ಲಿ. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದರ ಪ್ರದರ್ಶನ ಆಯಿತು. ತಬೆರ್ನಾಸ್‌ನ ಧೂಳನ್ನೂ ನಮ್ಮ ಮಲೆನಾಡಿನ ಅಗ್ರಹಾರವನ್ನೂ ಅದೇ ಊರಿನಲ್ಲಿ, ಅದೇ ಜತನದಿಂದ ಉಳಿಸಿಕೊಟ್ಟಿದ್ದಾರೆ.

ಇನ್ನೊಂದು ಮಾತು. ಡಬ್ಬಿಯ ಮೇಲೆ '4ಕೆ ರಿಸ್ಟೋರೇಷನ್' ಅಂತ ಬರೆದಿದ್ದರೆ ಒಳಗಿರುವುದು 4ಕೆ ಡಿಸ್ಕ್ ಅಂತ ಅರ್ಥ ಅಲ್ಲ. ಸ್ಕ್ಯಾನ್ 4ಕೆಯಲ್ಲಿ ಆಗಿದೆ ಅಂತ ಅರ್ಥ. ಡಿಸ್ಕ್ ಸಾಮಾನ್ಯ ಬ್ಲೂ-ರೇ ಇರಬಹುದು. ದುಡ್ಡು ಕೊಡುವ ಮುಂಚೆ ಡಬ್ಬಿಯ ಮೇಲಿನ ಗುರುತು ನೋಡಿ.

ಇಷ್ಟೆಲ್ಲಾ ರಿಸ್ಟೋರ್ ಮಾಡಿದ ಮೇಲೂ ಚಿತ್ರದ ತುಂಬಾ ಚುಕ್ಕೆ ಕುಣೀತಾವಲ್ಲ. ಡಿಸ್ಕ್ ಹಾಳಾಗಿದೆಯಾ?

ಹಾಳಾಗಿಲ್ಲ. ಅದು ಗ್ರೇನ್. ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ. ಇದು ಅರ್ಥವಾದರೆ ಮಿಕ್ಕಿದ್ದು ತಾನಾಗಿ ಅರ್ಥವಾಗುತ್ತದೆ.

ಫಿಲ್ಮ್ ಮೇಲೆ ಚಿತ್ರ ಮೂಡುವುದೇ ಸಣ್ಣ ಸಣ್ಣ ಕಾಳುಗಳಿಂದ. ಪ್ರತಿ ಚೌಕಟ್ಟಿನಲ್ಲೂ ಆ ಕಾಳುಗಳು ಬೇರೆ ಬೇರೆ ಜಾಗದಲ್ಲಿ ಇರುತ್ತವೆ, ಹಾಗಾಗಿ ಓಡುವಾಗ ಕುಣಿದ ಹಾಗೆ ಕಾಣುತ್ತದೆ. ಎಲ್ಲಾ ಹಳೇ ಸಿನಿಮಾದಲ್ಲೂ ಇದು ಇದ್ದದ್ದೇ. ಸ್ಪಾಗೆಟ್ಟಿ ವೆಸ್ಟರ್ನ್‌ಗಳಲ್ಲಿ ಜಾಸ್ತಿ ಯಾಕೆ ಅಂದರೆ, ಅವುಗಳಲ್ಲಿ ಬಹಳಷ್ಟನ್ನು ಟೆಕ್ನಿಸ್ಕೋಪ್ ಎಂಬ ಪದ್ಧತಿಯಲ್ಲಿ ತೆಗೆದರು. ಟೆಕ್ನಿಕಲರ್ ಕಂಪನಿಯ ಇಟಲಿ ಶಾಖೆ ರೂಪಿಸಿದ ಪದ್ಧತಿ ಅದು. ಸಾಮಾನ್ಯ 35 ಎಂಎಂ ಚೌಕಟ್ಟು ಫಿಲ್ಮಿನ ಅಂಚಿನಲ್ಲಿರುವ ನಾಲ್ಕು ತೂತಿನಷ್ಟು ಎತ್ತರ ಇರುತ್ತದೆ. ಟೆಕ್ನಿಸ್ಕೋಪ್‌ನಲ್ಲಿ ಎರಡೇ ತೂತು. ಅಂದರೆ ಅರ್ಧ ಫಿಲ್ಮ್ ಸಾಕು. 1000 ಅಡಿ ರೀಲು ಸುಮಾರು 11 ನಿಮಿಷ ಬರುವ ಕಡೆ 22 ನಿಮಿಷ ಬರುತ್ತದೆ. ಅಗಲ ತೆರೆಯ ಸಿನಿಮಾಕ್ಕೆ ಬೇಕಾದ ವಿಶೇಷ ಲೆನ್ಸೂ ಬೇಡ, ಮಾಮೂಲಿ ಲೆನ್ಸ್ ನಡೆಯುತ್ತದೆ. ಕಡಿಮೆ ದುಡ್ಡಿನಲ್ಲಿ ಸಿನಿಮಾ ಮಾಡುವವರಿಗೆ ಇದು ವರವಾಯಿತು.

ಲಿಯೋನೆ ಈ ಅನುಕೂಲವನ್ನು ಕಲೆ ಮಾಡಿಕೊಂಡರು. ಮಾಮೂಲಿ ಲೆನ್ಸ್ ಇದ್ದದ್ದರಿಂದ ಮುಖದ ಬಹಳ ಹತ್ತಿರ ಹೋಗಬಹುದಿತ್ತು. ಹತ್ತಿರದ ಮುಖ, ಹಿಂದಿನ ಬಯಲು ಎರಡೂ ಸ್ಪಷ್ಟವಾಗಿ ಇರುವಂತೆ ನೋಡಿಕೊಳ್ಳುವುದೂ ಸುಲಭ. ಆ ಪ್ರಸಿದ್ಧ ಕಣ್ಣುಗಳ ಕ್ಲೋಸಪ್ ಹುಟ್ಟಿದ್ದರಲ್ಲಿ ಈ ಅಗ್ಗದ ಪದ್ಧತಿಯ ಪಾಲೂ ಇದೆ.

ಆದರೆ ಅರ್ಧ ಚೌಕಟ್ಟನ್ನು ಅದೇ ದೊಡ್ಡ ತೆರೆಗೆ ಹಿಗ್ಗಿಸಿದಾಗ ಕಾಳೂ ಹಿಗ್ಗುತ್ತದೆ. ಚಿರೋಟಿ ರವೆಗೂ ಬನ್ಸಿ ರವೆಗೂ ಇರುವ ವ್ಯತ್ಯಾಸ ನೆನೆಸಿಕೊಳ್ಳಿ. ಉಪ್ಪಿಟ್ಟಿನಲ್ಲಿ ರವೆ ಬಾಯಿಗೆ ಸಿಗಬೇಕು. ಅದನ್ನು ನುಣ್ಣಗೆ ರುಬ್ಬಿದರೆ ಉಪ್ಪಿಟ್ಟು ಉಪ್ಪಿಟ್ಟಾಗಿ ಉಳಿಯುವುದಿಲ್ಲ. ಕೆಲವು ಕಂಪನಿಗಳು ಹಿಂದೆ ಇದನ್ನೇ ಮಾಡಿದವು. ಗ್ರೇನ್ ಕಂಡರೆ ಗಿರಾಕಿ ದೂರುತ್ತಾನೆ ಅಂತ ಕಂಪ್ಯೂಟರಿನಲ್ಲಿ ಅದನ್ನು ಅಳಿಸಿಬಿಟ್ಟರು. ಗ್ರೇನ್ ಜೊತೆಗೆ ಚರ್ಮದ ರಂಧ್ರ, ಗಡ್ಡ, ಬಟ್ಟೆಯ ನೇಯ್ಗೆ ಎಲ್ಲಾ ಹೋಯಿತು. ನಟ ಲೀ ವಾನ್ ಕ್ಲೀಫ್ ಮುಖ ಮೇಣದ ಗೊಂಬೆಯ ಹಾಗೆ ಆಯಿತು. ಅಂಥ ಡಿಸ್ಕ್ ನೋಡುವುದಕ್ಕಿಂತ ಗೀರು ಬಿದ್ದ ಹಳೇ ಪ್ರಿಂಟ್ ನೋಡುವುದು ವಾಸಿ.

ಒಳ್ಳೆಯ ರಿಸ್ಟೋರೇಷನ್‌ನಲ್ಲಿ ಗ್ರೇನ್ ಸಮನಾಗಿ, ಸಣ್ಣಗೆ, ಉಸಿರಾಡಿದ ಹಾಗೆ ಇರುತ್ತದೆ. ಹತ್ತು ನಿಮಿಷ ನೋಡಿ. ಆಮೇಲೆ ಅದು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಒಂದು ಡಿಸ್ಕ್‌ನಲ್ಲಿ ಆಕಾಶ ನೀಲಿ, ಇನ್ನೊಂದರಲ್ಲಿ ಹಳದಿ. ಯಾವುದು ಸರಿ?

ನೀವು ಕೇಳುತ್ತಿರುವುದು ಬಹುಶಃ 'ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ' ಬಗ್ಗೆ. 2014ರಲ್ಲಿ ಹೊಸ 4ಕೆ ಸ್ಕ್ಯಾನಿನಿಂದ ಎಂಜಿಎಂ ತಂದ ಬ್ಲೂ-ರೇ ನೋಡಿದರೆ ಇಡೀ ಸಿನಿಮಾವನ್ನು ಅರಿಶಿನದ ನೀರಿನಲ್ಲಿ ಅದ್ದಿ ತೆಗೆದ ಹಾಗಿದೆ. ವಿವರ ಮೊದಲಿಗಿಂತ ಎಷ್ಟೋ ಚೆನ್ನಾಗಿದೆ, ಬಣ್ಣ ಮಾತ್ರ ಜನಕ್ಕೆ ಒಪ್ಪಿಗೆಯಾಗಲಿಲ್ಲ. 2017ರಲ್ಲಿ ಕಿನೊ ಲಾರ್ಬರ್ ಸಂಸ್ಥೆ ಆ ಹಳದಿಯನ್ನು ತಗ್ಗಿಸಿ ಇನ್ನೊಂದು ಬ್ಲೂ-ರೇ ತಂದಿತು, 2021ರಲ್ಲಿ 4ಕೆ ಡಿಸ್ಕ್ ಕೂಡ ತಂದಿತು.

ಬಣ್ಣ ಯಾಕೆ ಇಷ್ಟು ಕಷ್ಟ ಅಂದರೆ, ನೆಗೆಟಿವ್‌ನಲ್ಲಿ 'ಸರಿಯಾದ ಬಣ್ಣ' ಅಂತ ಬರೆದಿರುವುದಿಲ್ಲ. ಪ್ರಿಂಟ್ ತೆಗೆಯುವಾಗ ಛಾಯಾಗ್ರಾಹಕರು ಕೂತು ತೀರ್ಮಾನ ಮಾಡುತ್ತಿದ್ದರು. ಈ ಸಿನಿಮಾದ ಛಾಯಾಗ್ರಾಹಕ ಟೊನಿನೊ ದೆಲ್ಲಿ ಕೊಲ್ಲಿ 2005ರಲ್ಲಿ ತೀರಿಕೊಂಡರು. ಲಿಯೋನೆ 1989ರಲ್ಲೇ ಹೋದರು. ಉಳಿದಿರುವ ಸಾಕ್ಷಿ ಎಂದರೆ ಆ ಕಾಲದ ಪ್ರಿಂಟ್‌ಗಳು. ಅವುಗಳಲ್ಲೂ ಎರಡು ಜಾತಿ. ಟೆಕ್ನಿಕಲರ್‌ನವರು ಬಣ್ಣವನ್ನು ಅಚ್ಚೊತ್ತುವ ಹಾಗೆ ಒತ್ತಿ ತೆಗೆದ ಪ್ರಿಂಟ್‌ಗಳು ಇವತ್ತಿಗೂ ಹೆಚ್ಚು ಮಾಸಿಲ್ಲ. ಮಾಮೂಲಿ ಬಣ್ಣದ ಪ್ರಿಂಟ್‌ಗಳು ಗುಲಾಬಿಗೆ ತಿರುಗಿಬಿಟ್ಟಿವೆ. ಮೊದಲನೇ ಜಾತಿಯ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಮಾಡಿದ ಬಣ್ಣವನ್ನು ನಾನು ಜಾಸ್ತಿ ನಂಬುತ್ತೇನೆ.

ನನ್ನ ಲೆಕ್ಕ ಇದು: ಬಿಳಿ ಅಂಗಿ ನೋಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿ ಅಂಗಿ ಸ್ವಲ್ಪ ಬೆಚ್ಚಗೆ ಕಾಣಬೇಕು, ಒಪ್ಪಿದೆ. ರಾತ್ರಿ, ನೆರಳು, ಮನೆಯೊಳಗೆ ಎಲ್ಲಾ ಕಡೆಯೂ ಅದೇ ಹಳದಿ ಇದ್ದರೆ, ಅದು ಬಿಸಿಲಿನದ್ದಲ್ಲ.

'ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ'ಗೆ 161 ನಿಮಿಷ, 175 ನಿಮಿಷ, 179 ನಿಮಿಷ ಅಂತೆಲ್ಲಾ ಇದೆ. ಉದ್ದ ಇರುವುದೇ ಪೂರ್ತಿ ಸಿನಿಮಾ ಅಲ್ವಾ?

ಹಾಗೇನಿಲ್ಲ. 1966ರ ಕೊನೆಗೆ ಇಟಲಿಯಲ್ಲಿ ಬಿಡುಗಡೆಯಾದದ್ದು ಸುಮಾರು 175 ನಿಮಿಷದ ಸಿನಿಮಾ. ಮುಂದಿನ ವರ್ಷ ಅಮೆರಿಕಕ್ಕೆ ಹೋದಾಗ 161 ನಿಮಿಷಕ್ಕೆ ಇಳಿಸಿದರು. ಇಂಗ್ಲಿಷ್ ಬಲ್ಲ ಜಗತ್ತು ಹತ್ತಿರ ಹತ್ತಿರ ನಲವತ್ತು ವರ್ಷ ನೋಡಿದ್ದು ಇದನ್ನೇ.

2003ರಲ್ಲಿ ಬಿಟ್ಟುಹೋದ ದೃಶ್ಯಗಳನ್ನು ಇಂಗ್ಲಿಷಿಗೂ ಸೇರಿಸೋಣ ಅಂತ ಹೊರಟರು. ಆ ದೃಶ್ಯಗಳಿಗೆ ಇಂಗ್ಲಿಷ್ ಮಾತೇ ಇರಲಿಲ್ಲ. ಎಪ್ಪತ್ತು ದಾಟಿದ್ದ ಕ್ಲಿಂಟ್ ಈಸ್ಟ್‌ವುಡ್, ಎಂಬತ್ತು ದಾಟಿದ್ದ ಈಲೈ ವಾಲಾಕ್ ಇಬ್ಬರೂ ಮತ್ತೆ ಸ್ಟುಡಿಯೊಗೆ ಬಂದು ತಮ್ಮ ಹಳೇ ತುಟಿಗಳಿಗೆ ಮಾತು ಕೂರಿಸಿದರು. ಲೀ ವಾನ್ ಕ್ಲೀಫ್ ಬದುಕಿರಲಿಲ್ಲ, ಬೇರೆಯವರು ಧ್ವನಿ ಕೊಟ್ಟರು. ಆ ದೃಶ್ಯಗಳು ಬಂದಾಗ ಕೇಳಿ ನೋಡಿ. ವಾಲಾಕ್ ಮಾಡಿದ ಟುಕೊ ಪಾತ್ರದ ಮುಖ ನಡುವಯಸ್ಸಿನದು, ಗಂಟಲು ಮಾತ್ರ ಮುದುಕರದು. ನನಗೆ ಅದು ಕರುಳು ಚುರ್ ಅನ್ನಿಸುವ ಕ್ಷಣ. ಆದರೆ ಸಿನಿಮಾ ಒಂದು ಕ್ಷಣ ನಿಂತುಹೋಗುವುದೂ ನಿಜ.

ಆ ಉದ್ದದ ಆವೃತ್ತಿಯಲ್ಲಿ ಟುಕೊ ಒಂದು ಗವಿಗೆ ಹೋಗಿ ಹಳೇ ಸಂಗಾತಿಗಳನ್ನು ಕೂಡಿಸುವ ದೃಶ್ಯ ಇದೆ. ಅದನ್ನು ರೋಮ್‌ನ ಮೊದಲ ಪ್ರದರ್ಶನದ ನಂತರ ಲಿಯೋನೆ ಅವರೇ ಕತ್ತರಿಸಿದ್ದರು. ಅಂದರೆ 179 ನಿಮಿಷದ್ದು ನಿರ್ದೇಶಕರು ಜನಕ್ಕೆ ಕೊಟ್ಟದ್ದಕ್ಕಿಂತ ಉದ್ದ. ಮೊದಲ ಸಲ ನೋಡುವವರಿಗೆ 161 ನಿಮಿಷದ್ದೇ ಸಾಕು. ಇಷ್ಟವಾದರೆ ಉದ್ದದ್ದನ್ನು ಎರಡನೇ ಸಲ ನೋಡಿ.

ಇದಕ್ಕೇ ಸೇರಿದ ಇನ್ನೊಂದು ಗೊಂದಲ: ಯೂರೋಪಿನ ಹಳೇ ಡಿವಿಡಿಗಳಲ್ಲಿ ಸಿನಿಮಾ ಕೆಲವು ನಿಮಿಷ ಕಡಿಮೆ ತೋರಿಸುತ್ತದೆ. ಕತ್ತರಿ ಹಾಕಿದ್ದಾರೆ ಅಂತ ಗಾಬರಿಯಾಗಬೇಡಿ. ಅಲ್ಲಿನ ಟಿವಿ ಪದ್ಧತಿಗೆ ತಕ್ಕಂತೆ ಸೆಕೆಂಡಿಗೆ 24ರ ಬದಲು 25 ಚೌಕಟ್ಟು ಓಡಿಸುತ್ತಾರೆ. 175 ನಿಮಿಷದ್ದು 168 ನಿಮಿಷಕ್ಕೆ ಮುಗಿಯುತ್ತದೆ. ಸಂಗೀತವೂ ಒಂಚೂರು ಕೀರಲು ಆಗುತ್ತದೆ. ಬ್ಲೂ-ರೇಯಲ್ಲಿ ಸಾಮಾನ್ಯವಾಗಿ ಈ ತೊಂದರೆ ಇಲ್ಲ.

ಇಂಗ್ಲಿಷ್‌ನಲ್ಲಿ ನೋಡಬೇಕೋ ಇಟಾಲಿಯನ್‌ನಲ್ಲೋ? ತುಟಿ ಎರಡರಲ್ಲೂ ಹೊಂದಲ್ಲ.

ಹೊಂದುವುದಿಲ್ಲ, ಯಾಕೆಂದರೆ ಮೂಲ ಭಾಷೆ ಅಂತ ಒಂದು ಇಲ್ಲವೇ ಇಲ್ಲ. ಆಗ ಇಟಲಿಯಲ್ಲಿ ಶೂಟಿಂಗ್ ಜಾಗದಲ್ಲಿ ಮಾತನ್ನು ರೆಕಾರ್ಡ್ ಮಾಡಿ ಬಳಸುತ್ತಿರಲಿಲ್ಲ. ಅಮೆರಿಕದವರು ಇಂಗ್ಲಿಷ್, ಇಟಲಿಯವರು ಇಟಾಲಿಯನ್, ಸ್ಪೇನಿನವರು ಸ್ಪ್ಯಾನಿಷ್ ಮಾತಾಡುತ್ತಿದ್ದರು. ಆಮೇಲೆ ಸ್ಟುಡಿಯೊದಲ್ಲಿ ಎಲ್ಲಕ್ಕೂ ಡಬ್ಬಿಂಗ್.

ಡಾಲರ್ ಸಿನಿಮಾಗಳನ್ನು, ಅಂದರೆ ಲಿಯೋನೆ ಈಸ್ಟ್‌ವುಡ್ ಜೊತೆ ಮಾಡಿದ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್', 'ಫಾರ್ ಎ ಫ್ಯೂ ಡಾಲರ್ಸ್ ಮೋರ್', 'ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ' ಮೂರನ್ನೂ, ನಾನು ಇಂಗ್ಲಿಷಿನಲ್ಲೇ ನೋಡುತ್ತೇನೆ. ಈಸ್ಟ್‌ವುಡ್ ಅವರ ಸ್ವಂತ ಧ್ವನಿ ಅದರಲ್ಲಿದೆ. ಸೆರ್ಜಿಯೊ ಕೊರ್ಬುಚಿ ಅವರ 1966ರ 'ಜಾಂಗೊ' ಬೇರೆ ಲೆಕ್ಕ. ಅದರಲ್ಲಿ ಫ್ರಾಂಕೊ ನೀರೊಗೆ ಇಂಗ್ಲಿಷಿನಲ್ಲೂ ಬೇರೆಯವರ ಧ್ವನಿ, ಇಟಾಲಿಯನ್‌ನಲ್ಲೂ ಬೇರೆಯವರ ಧ್ವನಿ. ಹಾಗಿದ್ದ ಮೇಲೆ ಚೆನ್ನಾಗಿರುವುದನ್ನು ಆರಿಸಿಕೊಳ್ಳಬಹುದು. ನನ್ನ ಕಿವಿಗೆ ಇಟಾಲಿಯನ್ ಗಟ್ಟಿ.

ಇಟಾಲಿಯನ್‌ನಲ್ಲಿ ನೋಡುವುದಾದರೆ ಸಬ್‌ಟೈಟಲ್ ಕಡೆ ಗಮನ ಇರಲಿ. ಕೆಲವು ಡಿಸ್ಕ್‌ಗಳಲ್ಲಿ ಇಟಾಲಿಯನ್ ಮಾತಿನ ಅನುವಾದ ಇರುವುದಿಲ್ಲ, ಇಂಗ್ಲಿಷ್ ಡಬ್ಬಿಂಗ್‌ನ ಮಾತನ್ನೇ ಸುಮ್ನೆ ಬರೆದು ಹಾಕಿರುತ್ತಾರೆ. ತೆರೆ ಮೇಲೆ ಒಬ್ಬ ಎರಡು ಪದ ಹೇಳಿದರೆ ಕೆಳಗೆ ಎರಡು ಸಾಲು ಬರುತ್ತದೆ. ಒಳ್ಳೆಯ ಕಂಪನಿಗಳು ಎರಡಕ್ಕೂ ಬೇರೆ ಬೇರೆ ಸಬ್‌ಟೈಟಲ್ ಕೊಡುತ್ತವೆ. ಕನ್ನಡ ಸಬ್‌ಟೈಟಲ್ ಇರುವ ಡಿಸ್ಕ್ ನನ್ನ ಕೈಗೆ ಇದುವರೆಗೆ ಸಿಕ್ಕಿಲ್ಲ.

ಮೋನೊ ಇಟ್ಟುಕೊಳ್ಳಲೋ, 5.1 ಇಟ್ಟುಕೊಳ್ಳಲೋ?

ಮೋನೊ ಅಂದರೆ ಎಲ್ಲಾ ಸದ್ದೂ ಒಂದೇ ಚಾನೆಲ್‌ನಲ್ಲಿ, 5.1 ಅಂದರೆ ಸುತ್ತಲಿನ ಆರು ಸ್ಪೀಕರ್‌ಗೆ ಹಂಚಿದ್ದು. ನನ್ನ ಉತ್ತರ ಮೋನೊ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಡಾಲರ್ ಸಿನಿಮಾಗಳಿಗೆ ಧ್ವನಿ ಕೂಡಿಸಿದ್ದೇ ಮೋನೊದಲ್ಲಿ. ಆ ಗುಂಡಿನ ಸದ್ದು ನೆನಪಿದೆಯಾ? ಢಾಂ ಅಂತ ಸಿಡಿದು, ಬಾಲ ಎಳೆದುಕೊಂಡು ಕಣಿವೆಯಲ್ಲಿ ಸುತ್ತುವ ಸದ್ದು. ಅದು ನಿಜವಾದ ಬಂದೂಕಿನ ಸದ್ದಲ್ಲ, ಈ ಸಿನಿಮಾಗಳ ಸ್ವಂತ ಸದ್ದು. 5.1 ಮಾಡುವಾಗ 'ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ'ಯ ಹಲವು ಗುಂಡು, ಫಿರಂಗಿಗಳಿಗೆ ಹೊಸ ಸದ್ದು ಕೂರಿಸಿದರು. ಸ್ಪೀಕರ್ ನಡುಗುತ್ತದೆ, ಸಿನಿಮಾದ ದನಿ ಮಾತ್ರ ಕಳೆದುಹೋಗುತ್ತದೆ.

ಎನ್ನಿಯೊ ಮೊರಿಕೋನೆ ಅವರ ಸಂಗೀತಕ್ಕೂ ಇದೇ ಮಾತು. ಅಲೆಸ್ಸಾಂಡ್ರೊ ಅಲೆಸ್ಸಾಂಡ್ರೊನಿ ಸಿಳ್ಳೆ, ಎಡ್ಡಾ ದೆಲ್‌ಒರ್ಸೊ ಅವರ ಗಂಟಲು, ಚಾಟಿ, ಗಂಟೆ ಎಲ್ಲಾ ಒಂದೇ ಕಡೆಯಿಂದ, ಎದುರಿನಿಂದ ಬಂದು ಎದೆಗೆ ಬಡಿಯಬೇಕು. ಸ್ಮಶಾನದಲ್ಲಿ ಟುಕೊ ಚಿನ್ನ ಹುಡುಕುತ್ತಾ ಓಡುತ್ತಾನಲ್ಲ, ಗೋರಿಗಳು ಸುತ್ತುತ್ತವಲ್ಲ, ಅಲ್ಲಿ ಆ ದನಿ ಏರುವುದನ್ನು ಮೋನೊದಲ್ಲಿ ಒಂದು ಸಲ, ಸ್ವಲ್ಪ ಜೋರಾಗಿ, ಕೇಳಿ. ಆ ಸ್ಮಶಾನವೂ ಸೆಟ್ಟೇ. ಸ್ಪೇನಿನ ಬುರ್ಗೋಸ್ ಸೀಮೆಯಲ್ಲಿ ಅಲ್ಲಿನ ಸೈನಿಕರು ಸುಮಾರು 5000 ಗೋರಿ ಕಟ್ಟಿಕೊಟ್ಟರು. ಐವತ್ತು ವರ್ಷ ಮಣ್ಣು, ಹುಲ್ಲು ಮುಚ್ಚಿ ಹೋಗಿತ್ತು. 2015ರಿಂದ ಅಭಿಮಾನಿಗಳೇ ಗುದ್ದಲಿ ಹಿಡಿದು ಅದನ್ನು ಅಗೆದು ತೆಗೆದರು. ರಿಸ್ಟೋರೇಷನ್ ಲ್ಯಾಬ್‌ನಲ್ಲಿ ಮಾತ್ರ ಆಗುವುದಲ್ಲ.

ಹೊರದೇಶದಿಂದ ತರಿಸಿದ ಡಿಸ್ಕ್ ನನ್ನ ಪ್ಲೇಯರ್‌ನಲ್ಲಿ ಓಡುತ್ತಿಲ್ಲ. ಯಾಕೆ?

ರೀಜನ್ ಕೋಡ್. ಬ್ಲೂ-ರೇಗೆ ಜಗತ್ತನ್ನು ಎ, ಬಿ, ಸಿ ಅಂತ ಮೂರು ಪಾಲು ಮಾಡಿದ್ದಾರೆ. ಅಮೆರಿಕ, ಜಪಾನ್ 'ಎ'. ಯೂರೋಪ್, ಆಸ್ಟ್ರೇಲಿಯಾ 'ಬಿ'. ಭಾರತ, ಚೀನಾ, ರಷ್ಯಾ 'ಸಿ'. ಈ ಸಿನಿಮಾಗಳನ್ನು ಚೆನ್ನಾಗಿ ತರುವ ಕಂಪನಿಗಳು ಹೆಚ್ಚಾಗಿ ಅಮೆರಿಕ, ಬ್ರಿಟನ್, ಜರ್ಮನಿಯವು. ಅಂದರೆ ನಮ್ಮದಲ್ಲದ ರೀಜನ್.

ನಾನು ಇದನ್ನು ದುಡ್ಡು ಕೊಟ್ಟು ಕಲಿತೆ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ 'ಎಲ್ಲಾ ಪ್ಲೇಯರ್‌ನಲ್ಲೂ ಓಡುತ್ತದೆ' ಅಂತ ಬರೆದಿದ್ದ. ಆರು ವಾರ ಕಾದೆ. ಸುಂಕ ಕಟ್ಟಿದೆ. ಶನಿವಾರ ರಾತ್ರಿ ಮನೆಯವರನ್ನೆಲ್ಲ ಕೂರಿಸಿ ಡಿಸ್ಕ್ ಹಾಕಿದರೆ ಒಂದು ಸಾಲಿನ ಎಚ್ಚರಿಕೆ ಬಂದು ನಿಂತಿತು. ಅವನು ವಾಪಸ್ ತೆಗೆದುಕೊಳ್ಳಲಿಲ್ಲ. ಆ ಬೇಜಾರು ನಿಮಗೆ ಬೇಡ.

ದಾರಿ ಮೂರು. ಒಂದು, ಎಲ್ಲಾ ರೀಜನ್ ಓಡಿಸುವ ಪ್ಲೇಯರ್ ಕೊಳ್ಳುವುದು. ಎರಡು, ಎ-ಬಿ-ಸಿ ಮೂರೂ ಗುರುತು ಇರುವ ಡಿಸ್ಕನ್ನೇ ಆರಿಸುವುದು. ಮೂರು, 4ಕೆ ಡಿಸ್ಕ್‌ಗೆ ಹೋಗುವುದು. 4ಕೆ ಡಿಸ್ಕ್‌ಗಳಿಗೆ ರೀಜನ್ ಬೀಗ ಇಲ್ಲ, ಎಲ್ಲಿ ಕೊಂಡರೂ ಇಲ್ಲಿ ಓಡುತ್ತದೆ. ಆದರೆ ಅದೇ ಡಬ್ಬಿಯಲ್ಲಿ ಜೊತೆಗೆ ಕೊಡುವ ಬ್ಲೂ-ರೇಗೆ ಬೀಗ ಇರಬಹುದು. ಎಕ್ಸ್‌ಟ್ರಾ ಸಾಕ್ಷ್ಯಚಿತ್ರಗಳು ಹೆಚ್ಚಾಗಿ ಅದರಲ್ಲೇ ಇರುತ್ತವೆ.

ಅಮೆರಿಕ, ಇಂಗ್ಲೆಂಡಿನಲ್ಲಿರುವ ಅಕ್ಕ, ಭಾವ, ಸ್ನೇಹಿತರು ಊರಿಗೆ ಬರುವಾಗ ತರಿಸಿಕೊಳ್ಳುವುದು ನಮ್ಮಲ್ಲಿ ಬಹಳ ಜನ ಮಾಡುವ ಕೆಲಸ. ನನ್ನ ಕಪಾಟಿನ ಅರ್ಧ ಹಾಗೇ ಬಂದದ್ದು. ಡಿಸ್ಕ್‌ನ ಹೆಸರು ಮಾತ್ರ ಹೇಳಬೇಡಿ, ಡಬ್ಬಿಯ ಫೋಟೊ ಕಳಿಸಿ. ಒಂದೇ ಹೆಸರಿನ ನಾಲ್ಕು ಡಿಸ್ಕ್ ಇರುತ್ತವೆ.

4ಕೆ ಡಿಸ್ಕ್ ಬೇಕೇ ಬೇಕಾ?

ಬೇಕೇ ಬೇಕು ಅಂತಿಲ್ಲ. ಒಳ್ಳೆಯ ಸ್ಕ್ಯಾನಿನಿಂದ ಮಾಡಿದ ಬ್ಲೂ-ರೇ, ನಲವತ್ತು ಇಂಚಿನ ಟಿವಿಗೆ ಧಾರಾಳ ಆಯಿತು. ದೊಡ್ಡ ತೆರೆ ಇದ್ದರೆ 4ಕೆಯಲ್ಲಿ ಗ್ರೇನ್ ಇನ್ನೂ ಸಣ್ಣಗೆ, ಸಹಜವಾಗಿ ಕಾಣುತ್ತದೆ. ಬಿಸಿಲು-ನೆರಳಿನ ಅಂತರವೂ ಚೆನ್ನಾಗಿ ಬರುತ್ತದೆ. ಡಾಲರ್ ಸರಣಿಯ ಮೂರೂ 4ಕೆಯಲ್ಲಿ ಬಂದಿವೆ. 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' ಅನ್ನು ಪ್ಯಾರಮೌಂಟ್ 2024ರಲ್ಲಿ ತಂದಿತು. ಪ್ಲೇಯರ್ ವಿಷಯ: ಡಿಸ್ಕ್ ಹಾಕುವ ಜಾಗ ಇರುವ ಪ್ಲೇಸ್ಟೇಷನ್ 5ರಲ್ಲಿ 4ಕೆ ಡಿಸ್ಕ್ ಓಡುತ್ತದೆ, ಪ್ಲೇಸ್ಟೇಷನ್ 4ರಲ್ಲಿ ಓಡುವುದಿಲ್ಲ. ಮಕ್ಕಳ ಆಟದ ಪೆಟ್ಟಿಗೆಯೇ ಸಾಕಾಗಬಹುದು, ಮೊದಲು ಅದನ್ನು ನೋಡಿ.

ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತೆ. ಟಿವಿಯಲ್ಲಿ ಜೂಮ್ ಮಾಡಲಾ?

ದಯವಿಟ್ಟು ಬೇಡ. ಟೆಕ್ನಿಸ್ಕೋಪ್ ಚಿತ್ರದ ಅಗಲ ಎತ್ತರಕ್ಕಿಂತ 2.35 ಪಟ್ಟು. ಟಿವಿ 1.78 ಪಟ್ಟು. ಜೂಮ್ ಮಾಡಿದರೆ ಎಡಗಡೆ ನಿಂತವನೂ ಬಲಗಡೆ ನಿಂತವನೂ ಹೊರಗೆ ಹೋಗುತ್ತಾರೆ. ಮೂವರು ಎದುರುಬದುರಾಗಿ ನಿಲ್ಲುವ ಸಿನಿಮಾದಲ್ಲಿ ಇಬ್ಬರನ್ನು ಕಳೆದುಕೊಂಡರೆ ಏನು ಉಳಿಯಿತು? ಎಲ್ಲಾ ಸ್ಪಾಗೆಟ್ಟಿ ವೆಸ್ಟರ್ನ್‌ಗಳೂ ಇಷ್ಟು ಅಗಲ ಅಲ್ಲ. 'ಜಾಂಗೊ' 1.66ರದ್ದು, ಅದಕ್ಕೆ ಕಪ್ಪು ಪಟ್ಟಿ ಎಡಬಲದಲ್ಲಿ ಬರುತ್ತದೆ.

ಟಿವಿ ಸೆಟ್ಟಿಂಗ್‌ನಲ್ಲಿ 'ವಿವಿಡ್' ತೆಗೆದು 'ಸಿನಿಮಾ' ಅಥವಾ 'ಫಿಲ್ಮ್‌ಮೇಕರ್' ಮೋಡ್ ಹಾಕಿ. ಚಲನೆಯನ್ನು ನುಣುಪು ಮಾಡುವ ಸೌಲಭ್ಯ ಏನಿದ್ದರೂ ಆಫ್ ಮಾಡಿ, ಇಲ್ಲದಿದ್ದರೆ ಸಿನಿಮಾ ಧಾರಾವಾಹಿಯ ಹಾಗೆ ಕಾಣುತ್ತದೆ. ನಾಯ್ಸ್ ರಿಡಕ್ಷನ್ ಆಫ್, ಶಾರ್ಪ್‌ನೆಸ್ ಆದಷ್ಟು ಕೆಳಗೆ. ಬೊಲೋನ್ಯಾದಲ್ಲಿ ತಿಂಗಳುಗಟ್ಟಲೆ ಕೂತು ಉಳಿಸಿದ ಗ್ರೇನನ್ನು ನಿಮ್ಮ ಟಿವಿ ಒಂದು ಕ್ಷಣದಲ್ಲಿ ಅಳಿಸಿಬಿಡಬಹುದು. ಮತ್ತೆ, ಟ್ಯೂಬ್‌ಲೈಟ್ ಆರಿಸಿ.

ಲಿಯೋನೆ ಎಲ್ಲಾ ನೋಡಿ ಆಯಿತು. ಮುಂದೆ?

ಕೊರ್ಬುಚಿ ಅವರ 1968ರ 'ದ ಗ್ರೇಟ್ ಸೈಲೆನ್ಸ್'. ಮರುಭೂಮಿಯಲ್ಲ, ಪೂರ್ತಿ ಹಿಮ. ನಾಯಕ ಜಾನ್ ಲೂಯಿ ತ್ರಾಂತಿನ್ಯಾ ಇಲ್ಲಿ ಮೂಗ, ಒಂದೂ ಮಾತಿಲ್ಲ. ಎದುರಿಗೆ ಕ್ಲಾಸ್ ಕಿನ್ಸ್ಕಿ. ಇಡೀ ಸಿನಿಮಾ ಬಿಳಿ, ಅದರ ಮೇಲೆ ಕಪ್ಪು ಬಟ್ಟೆಯ ಒಬ್ಬ ಕುದುರೆ ಸವಾರ. ಹಳೇ ಪ್ರತಿಗಳಲ್ಲಿ ಹಿಮ ಬೂದಿಯ ಹಾಗಿತ್ತು. ರಿಸ್ಟೋರ್ ಆದದ್ದರಲ್ಲಿ ಕುದುರೆ ಹೆಜ್ಜೆ ಹೂತುಹೋಗುವ ಆಳ ಕಾಣುತ್ತದೆ. ಅಂತ್ಯ ಹೇಳುವುದಿಲ್ಲ. ಡಿಸ್ಕ್‌ನ ಎಕ್ಸ್‌ಟ್ರಾದಲ್ಲಿ ಸುಖಾಂತ್ಯ ಒಂದು ಇರುತ್ತದೆ, ಅದನ್ನು ಮೊದಲೇ ನೋಡಬೇಡಿ.

ಆಮೇಲೆ ಸೆರ್ಜಿಯೊ ಸೊಲ್ಲಿಮಾ ಅವರ 'ದ ಬಿಗ್ ಗನ್‌ಡೌನ್', ಟೊನಿನೊ ವಲೆರಿ ಅವರ 'ಡೇ ಆಫ್ ಆಂಗರ್'. ಎರಡರಲ್ಲೂ ಲೀ ವಾನ್ ಕ್ಲೀಫ್ ಇದ್ದಾರೆ. ಅದೂ ಮುಗಿದರೆ ಆರೋ ಕಂಪನಿಯ ಪೆಟ್ಟಿಗೆಗಳು. 'ಸಾರ್ತಾನಾ' ಸರಣಿಯ ಐದೂ ಸಿನಿಮಾ ಒಂದೇ ಪೆಟ್ಟಿಗೆಯಲ್ಲಿವೆ. ಎಲ್ಲವೂ ಚಿನ್ನ ಅಲ್ಲ. ಒಂದೆರಡು ನಿಜವಾಗಿ ಚೆನ್ನಾಗಿವೆ.

'ಶೋಲೆ' ಇದರಿಂದಲೇ ಬಂತಾ?

'ಶೋಲೆ' ಅದರ ಪಾಡಿಗೆ ಅದು ದೊಡ್ಡ ಸಿನಿಮಾ. ಆದರೆ ಠಾಕೂರನ ಮನೆಯವರನ್ನು ಗಬ್ಬರ್ ಕೊಲ್ಲುವ ದೃಶ್ಯ ನೋಡಿ, ಆಮೇಲೆ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್'ನಲ್ಲಿ ತೋಟದ ಮನೆಯ ಕುಟುಂಬ ಸಾಯುವ ದೃಶ್ಯ ನೋಡಿ. ಆ ಮೌನ, ಕೊನೆಗೆ ಉಳಿಯುವ ಮಗು. ನಂಟು ತಾನಾಗಿ ಕಾಣುತ್ತದೆ. ನಮ್ಮ ರಾಮನಗರದ ಬಂಡೆಗಳು ಅಲ್ಮೆರಿಯಾದ ಕೆಲಸ ಮಾಡಿದವು. ರಿಸ್ಟೋರ್ ಆದ 'ಶೋಲೆ' 2025ರ ಜೂನ್‌ನಲ್ಲಿ, ಆಗ ಸೆನ್ಸಾರ್‌ನಿಂದಾಗಿ ಬದಲಿಸಬೇಕಾಗಿ ಬಂದಿದ್ದ ಮೂಲ ಅಂತ್ಯದ ಸಮೇತ, ಮೊದಲು ತೋರಿಸಿದ್ದು ಎಲ್ಲಿ ಗೊತ್ತಾ? ಬೊಲೋನ್ಯಾದ ಚಿತ್ರೋತ್ಸವದಲ್ಲಿ, ಬಯಲಿನಲ್ಲಿ ತೆರೆ ಕಟ್ಟಿ.

ಮಕ್ಕಳ ಜೊತೆ ನೋಡಬಹುದಾ?

ಚಿಕ್ಕ ಮಕ್ಕಳ ಜೊತೆ ಬೇಡ. ಹೊಡೆತ, ಹಿಂಸೆ ಜಾಸ್ತಿ. ಹೆಂಗಸರನ್ನು ನಡೆಸಿಕೊಳ್ಳುವ ರೀತಿ ಕೆಲವು ಸಿನಿಮಾಗಳಲ್ಲಿ ಸಹಿಸಲು ಆಗುವುದಿಲ್ಲ, ಮೆಕ್ಸಿಕೊದವರನ್ನು ತೋರಿಸುವ ರೀತಿಯೂ ಹಾಗೇ. ಮಕ್ಕಳಿಗೆ ತೋರಿಸಲೇಬೇಕು ಅಂದರೆ 1970ರ 'ದೇ ಕಾಲ್ ಮಿ ಟ್ರಿನಿಟಿ'. ಟೆರೆನ್ಸ್ ಹಿಲ್, ಬಡ್ ಸ್ಪೆನ್ಸರ್ ಅಣ್ಣ ತಮ್ಮಂದಿರು. ಗುಂಡಿಗಿಂತ ಕಪಾಳಕ್ಕೆ ಬೀಳುವುದೇ ಜಾಸ್ತಿ. ಮೊದಲಲ್ಲೇ ಟ್ರಿನಿಟಿ ಒಂದು ಬಾಣಲೆ ತುಂಬಾ ಹುರುಳಿಕಾಯಿ ಬೀಜದ ಪಲ್ಯ ತಳ ಕೆರೆದು ತಿನ್ನುತ್ತಾನೆ. ನಮ್ಮ ಮನೆಯ ಹುಡುಗರು ಅದನ್ನೇ ಮೂರು ಸಲ ಹಿಂದೆ ತಿರುಗಿಸಿ ನೋಡಿದರು.

ಮಳೆಗಾಲದಲ್ಲಿ ಡಿಸ್ಕ್ ಮೇಲೆ ಬಿಳಿ ಬೂಷ್ಟು ಬರುತ್ತೆ. ಏನು ಮಾಡೋದು?

ಮಲೆನಾಡು, ಕರಾವಳಿಯವರೆಲ್ಲ ಕೇಳುವ ಪ್ರಶ್ನೆ. ಮೆತ್ತಗಿನ, ಒಣಗಿದ ಕನ್ನಡಕದ ಬಟ್ಟೆ ತೆಗೆದುಕೊಳ್ಳಿ. ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಲೂ ಉಜ್ಜಬೇಡಿ. ಸುತ್ತ ಬಿದ್ದ ಗೀರು ಡಿಸ್ಕ್ ಓದುವ ದಾರಿಯಲ್ಲೇ ಬೀಳುತ್ತದೆ, ಅಡ್ಡ ಬಿದ್ದದ್ದನ್ನು ಪ್ಲೇಯರ್ ದಾಟಿಕೊಳ್ಳುತ್ತದೆ. ಬೂಷ್ಟು ಅಂಟಿಕೊಂಡಿದ್ದರೆ ಬಟ್ಟೆಗೆ ಒಂದು ಹನಿ ನೀರು ಸಾಕು.

ಡಬ್ಬಿಗಳನ್ನು ಪುಸ್ತಕದ ಹಾಗೆ ನಿಲ್ಲಿಸಿಡಿ, ಗೋಡೆಗೆ ತಾಗಿಸಬೇಡಿ. ಕಪಾಟಿನಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಇಡಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ, ಅದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಂದು ಸಲ ಡಬ್ಬಿ ತೆರೆದು ನೋಡಿ. ತೆರೆದದ್ದು ಹೇಗೂ ತೆರೆದಿರಿ, ಒಂದು ಸಿನಿಮಾ ಹಾಕಿ.